ಬೆಟ್ಟ ಹತ್ತಿದ ಕುಕ್ಕರ್

ಎಲ್ಲದಕ್ಕೂ ಮೂಲ ಆ ಕುಕ್ಕರ್. ಗಡಿಯಾರ ರಿಪೇರಿಯವರು ಬೇಸಿಗೆಯಲ್ಲಿ ಮೂರು ವಾರದ ಬೆಟ್ಟದ ನಡಿಗೆಗೆ ಹೊರಟಾಗ ಹೆಂಡತಿ ಅದನ್ನು ಬೆನ್ನುಚೀಲದ ತಳಕ್ಕೆ ತುರುಕಿ, "ಕಂಡಿದ್ದೆಲ್ಲ ತಿಂದು ಹೊಟ್ಟೆ ಕೆಡಿಸ್ಕೋಬೇಡಿ" ಎಂದಿದ್ದಳು. ಸಾಮಾನು ಬೆರೆತುಹೋಗಬಾರದೆಂದು ಹಳೆಯ ಪರದೆಯ ಹಳದಿ ಹೂವಿನ ಬಟ್ಟೆ ಹರಿದು, ಕುಕ್ಕರಿನ ಹಿಡಿಗೊಂದು ಚೂರು, ಚೀಲಕ್ಕೊಂದು ಚೂರು ಕಟ್ಟಿಯೂ ಇದ್ದಳು.

ಚಿಮಟದಲ್ಲಿ ಹಿಡಿಯಲಾಗದ ಯಾವುದನ್ನೂ ಗಡಿಯಾರ ರಿಪೇರಿಯವರು ಇಷ್ಟು ವರ್ಷ ಎತ್ತಿದವರಲ್ಲ. ಎರಡು ದಿನದ ಏರಿಗೇ ಅವರ ಮೊಣಕಾಲು ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟತೊಡಗಿತ್ತು. ಮೂರನೆಯ ಬೆಳಗ್ಗೆ ತಂಡದ ಮುಖಂಡರಾದ ನಿವೃತ್ತ ಡ್ರಿಲ್ ಮೇಷ್ಟ್ರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

"ಸೂರ್ಯ ಮುಳುಗೋದ್ರೊಳಗೆ ಮೇಲಿನ ತಂಗುಮನೆ ಮುಟ್ಟಬೇಕು. ಮುಟ್ಟದೇ ಇದ್ದೋರು ನಾಳೆ ಕೆಳಗೆ ವಾಪಸ್. ಹಿಮದ ಏರಿನಲ್ಲಿ ಯಾರಿಗೂ ಕಾಯೋಕಾಗಲ್ಲ."

'ಯಾರಿಗೂ' ಎನ್ನುವಾಗ ಮೇಷ್ಟ್ರ ಕಣ್ಣು ತಮ್ಮ ಮೇಲೇ ಇದ್ದದ್ದು ಗಡಿಯಾರ ರಿಪೇರಿಯವರಿಗೆ ಗೊತ್ತಾಯಿತು. ಅವರಿಗೆ ಎದುರಂಗಡಿಯ ದರ್ಜಿ ನೆನಪಾದ. "ವಾರದೊಳಗೆ ಬಂದೇ ಬರ್ತೀರಿ, ಅಂಗಡಿಗೆ ಬೀಗ ಹಾಕೋದೂ ದಂಡ" ಎಂದು ಬೀದಿಯವರೆಲ್ಲರ ಮುಂದೆ ಹೇಳಿದ್ದ. ಈಗ ವಾಪಸಾದರೆ ಹೊಲಿಗೆ ಯಂತ್ರದ ಹಿಂದಿನ ಆ ನಗುವನ್ನು ಆಯುಷ್ಯವಿಡೀ ನೋಡಬೇಕು.

ಕುಕ್ಕರ್ ಹೋಗಲೇಬೇಕಾಗಿತ್ತು. ಆದರೆ ಯಾರಿಗೂ ಕಾಣದ ಹಾಗೆ ಹೋಗಬೇಕು. ತಂಡದಲ್ಲಿದ್ದ ಹಲ್ಲಿನ ಡಾಕ್ಟರಮ್ಮ ಹೆಂಡತಿಯ ಬಾಲ್ಯದ ಗೆಳತಿ. ಅವರ ಕಣ್ಣಿಗೆ ಬಿದ್ದದ್ದು ಹೆಂಡತಿಯ ಕಿವಿಗೆ ಬಿದ್ದ ಹಾಗೇ.

ನೀರಿನ ಬುಗ್ಗೆಯ ಹತ್ತಿರ ಎಲ್ಲರೂ ದಣಿವಾರಿಸಿಕೊಂಡು ಎದ್ದಾಗ ಅವರು ಕುಕ್ಕರನ್ನು ಬಂಡೆಯ ಹಿಂದೆ ಕೂರಿಸಿ ಹೊರಟರು. ಬೆನ್ನಿಗೆ ರೆಕ್ಕೆ ಮೂಡಿದಂತಾಯಿತು. ರೆಕ್ಕೆ ಒಂದು ತಿರುವಿನವರೆಗೆ ಬಂತು.

"ಭಾವ, ನಿಲ್ಲಿ!" ಡಾಕ್ಟರಮ್ಮ ಏದುಸಿರು ಬಿಡುತ್ತ ಬಂದರು. ಕಂಕುಳಲ್ಲಿ ಕುಕ್ಕರ್. "ನೀವು ಮರೆಗುಳಿ ಅಂತ ಅವಳು ಹೇಳ್ತಾನೇ ಇದ್ಲು. ಇಷ್ಟೊಂದು ಅಂತ ಗೊತ್ತಿರಲಿಲ್ಲ."

"ಸದ್ಯ, ಸಿಕ್ತಲ್ಲ," ಎಂದರು ಗಡಿಯಾರ ರಿಪೇರಿಯವರು, ಹಲ್ಲು ಕೀಳಿಸಿಕೊಂಡವರ ದನಿಯಲ್ಲಿ.

ಅಂಕುಡೊಂಕಿನ ಏರು ಬಂದಾಗ ಅವರು ಬೂಟಿನ ದಾರ ಕಟ್ಟುವ ನೆಪ ಮಾಡಿ ಹಿಂದೆ ಉಳಿದರು. ಎಲ್ಲರೂ ಮರೆಯಾದ ಮೇಲೆ ಕುಕ್ಕರನ್ನು ಇಳಿಜಾರಿಗೆ ನೂಕಿದರು. ಪಾತ್ರೆ ಅಂಗಡಿಯೊಂದು ಮೆಟ್ಟಿಲಿಳಿದು ಓಡಿದಂತೆ ಸದ್ದಾಗಿ, ಕೊನೆಗೆ ಕೆಳಗೆಲ್ಲೋ ನಿಂತಿತು. ಅವರು ನಿಟ್ಟುಸಿರು ಬಿಟ್ಟು ಹತ್ತತೊಡಗಿದರು.

ಸ್ವಲ್ಪ ಹೊತ್ತಿಗೆ ಕುರಿ ಕಾಯುವವನೊಬ್ಬ ದಾರಿ ಬಿಟ್ಟು ನೇರ ಬಂಡೆಗಳ ಮೇಲೇ ಏರಿ ಬಂದ. ಅವನ ಕೈಯಲ್ಲಿ ಕುಕ್ಕರ್, ಅವನ ನಾಯಿಯ ಬಾಯಲ್ಲಿ ಮುಚ್ಚಳ.

"ಅಣ್ಣಾ, ನಿಂದೇ ತಾನೇ? ಚೀಲದ ಮೇಲೂ ಇದೇ ಹೂವು ಕಾಣ್ತು, ಅದಕ್ಕೇ ಓಡ್ಬಂದೆ."

"ಅಷ್ಟು ದೂರದಿಂದಾನಾ?"

"ಇನ್ನೇನು ಮತ್ತೆ? ಸದ್ದಿಗೆ ಕುರಿಗಳು ದಿಕ್ಕಿಗೊಂದು ಹೋದ್ವು. ಹೋಗ್ಲಿ ಬಿಡು. ಕುರಿ ತಾವಾಗೇ ಬರ್ತಾವೆ, ಕುಕ್ಕರ್ ಬರುತ್ತಾ?"

ಗಡಿಯಾರ ರಿಪೇರಿಯವರು ಮನಸ್ಸಾಕ್ಷಿ ಇದ್ದವರು. ಚೀಲ ಇಳಿಸಿ, ಬೆಟ್ಟದ ಮೈಯೆಲ್ಲ ಅಲೆದು ಕುರಿಗಳನ್ನು ಕೂಡಿಸಿಕೊಟ್ಟರು. ಕೊನೆಯ ಕುರಿ ಸಿಗುವಾಗ ನೆರಳು ಉದ್ದವಾಗತೊಡಗಿತ್ತು.

ಅಷ್ಟರಲ್ಲಿ ಮೇಲಿನಿಂದ ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಇಳಿದು ಬಂದರು. ಗಡಿಯಾರ ರಿಪೇರಿಯವರು ಅವರಿಗೆ ಅಡ್ಡ ನಿಂತು ಕುಕ್ಕರನ್ನು ಎರಡೂ ಕೈಯಲ್ಲಿ ಚಾಚಿದರು.

"ನಿಮ್ಮ ಹೊಸ ಸಂಸಾರಕ್ಕೆ ಅಣ್ಣ ಕೊಟ್ಟಿದ್ದು ಅಂತ ಇಟ್ಕೊಳಮ್ಮ. ಬೇಡ ಅನ್ನಬೇಡ."

ಹುಡುಗಿಯ ಕಣ್ಣು ತುಂಬಿತು. "ನಮ್ಮ ಮದುವೇಲಿ ಬಂದೋರೆಲ್ಲ ಗಡಿಯಾರಾನೇ ಕೊಟ್ರು, ಅಣ್ಣಾ. ಗೋಡೇಲಿ ಜಾಗ ಇಲ್ಲ. ಕುಕ್ಕರ್ ಕೊಡೋಕೆ ಒಬ್ರಿಗೂ ಹೊಳೀಲಿಲ್ಲ."

ಗಡಿಯಾರ ರಿಪೇರಿಯವರು ಹಿಡಿಯ ಹಳದಿ ಹೂವಿನ ಬಟ್ಟೆಯನ್ನು ಬಿಚ್ಚಿ ಜೇಬಿಗಿಟ್ಟುಕೊಂಡರು. ಆ ಜೋಡಿ ತಿರುವು ದಾಟುವವರೆಗೆ ಕದಲದೆ ನಿಂತರು. ಆಮೇಲೆ ನಡೆಯಲಿಲ್ಲ, ಹಾರಿದರು. ದಾರಿಯಲ್ಲಿ ಚಹಾಕ್ಕೆ ಕೂತಿದ್ದ ಡಾಕ್ಟರಮ್ಮನನ್ನು ದಾಟಿದರು, ಮೇಷ್ಟ್ರನ್ನೂ ದಾಟಿದರು. ತಂಗುಮನೆಯ ಹೊಸ್ತಿಲು ಮೊದಲು ತುಳಿದವರು ಅವರೇ. ಒಳಗೆ ಬೆಂಚಿನ ಮೇಲೆ ಕಾಲು ಚಾಚಿ, ಸುದ್ದಿ ಕೇಳಿ ದರ್ಜಿಯ ಸೂಜಿ ಬೆರಳಿಗೆ ಚುಚ್ಚುವುದನ್ನು ಕಲ್ಪಿಸಿಕೊಂಡರು.

ಮೇಷ್ಟ್ರು ಬಂದವರೇ ಅವರ ಬೆನ್ನು ತಟ್ಟಿದರು. ಆಮೇಲೆ ಎಲ್ಲರ ಚೀಲಗಳನ್ನೂ ಒಂದೊಂದಾಗಿ ಎತ್ತಿ ನೋಡಿ, ಗಡಿಯಾರ ರಿಪೇರಿಯವರ ಚೀಲದ ಹತ್ತಿರ ನಿಂತರು.

"ಇದೇ ಎಲ್ಲಕ್ಕಿಂತ ಹಗುರ," ಎಂದರು ಮೆಚ್ಚುಗೆಯಿಂದ. "ನೋಡಿ, ಇಲ್ಲಿಂದ ಮೇಲೆ ಗಾಳಿ ತೆಳು. ಬರೀ ಪಾತ್ರೇಲಿ ದಿನವಿಡೀ ಕುದಿಸಿದ್ರೂ ಬೇಳೆ ಬೇಯಲ್ಲ. ಅದಕ್ಕೇ ತಂಗುಮನೆ ಕುಕ್ಕರ್ ಹೊತ್ಕೊಂಡು ಹೋಗಿ, ಆಚೆ ಕಡೆ ತಂಗುಮನೇಲಿ ಒಪ್ಪಿಸೋದು ಇಲ್ಲಿನ ವಾಡಿಕೆ. ಯಾರ ಚೀಲ ಹಗುರಾನೋ ಅವರು ಹೊರೋದು."

ತಂಗುಮನೆಯವನೂ ಅವನ ಹೆಂಡತಿಯೂ ಆ ಕಡೆ ಈ ಕಡೆ ಹಿಡಿದು ಕುಕ್ಕರನ್ನು ತಂದು ನೆಲಕ್ಕಿಳಿಸಿದರು. ಹಲಗೆ ನರಳಿತು. ಗಡಿಯಾರ ರಿಪೇರಿಯವರು ಮಂಡಿ ಮಡಚಿ ಅದರೊಳಗೆ ಕೂತು ಮೇಲಿನಿಂದ ಮುಚ್ಚಳ ಹಾಕಿಸಿಕೊಳ್ಳಬಹುದಿತ್ತು.

"ಭಾವನ ಹತ್ರಾನೇ ಒಂದು ಚಿಕ್ಕದು ಇತ್ತಲ್ಲ," ಎಂದರು ಡಾಕ್ಟರಮ್ಮ.

"ಅದನ್ನ... ಇಳೀತಿದ್ದ ಹೊಸ ದಂಪತಿಗೆ ಕೊಟ್ಟುಬಿಟ್ಟೆ."

"ಎಂಥಾ ಮನಸ್ಸು ಭಾವ ನಿಮ್ದು. ಇದನ್ನ ಅವಳಿಗೆ ಹೇಳಲೇಬೇಕು."

ಗಡಿಯಾರ ರಿಪೇರಿಯವರು ಕುಕ್ಕರಿನ ಹಿಡಿ ಹಿಡಿದು ಒಮ್ಮೆ ಎಳೆದರು. ಅವರ ಬೆನ್ನಿನಲ್ಲಿ ಏನೋ ಚಟಕ್ಕೆಂದಿತು. ಕುಕ್ಕರ್ ಮಾತ್ರ ಇದ್ದಲ್ಲೇ ಇತ್ತು. ಈಗ ದರ್ಜಿಯ ನಗು ಅಷ್ಟೇನೂ ಕೆಟ್ಟದಾಗಿ ಕಾಣಲಿಲ್ಲ.

"ಮೇಷ್ಟ್ರೇ," ಅವರು ಗಂಟಲು ಸರಿಮಾಡಿಕೊಂಡರು. "ನಾನು ಬರೋವಾಗ ಸೂರ್ಯ ಮುಳುಗಿತ್ತು ಅನ್ಸುತ್ತೆ. ನಿಯಮ ಅಂದ್ಮೇಲೆ ನಿಯಮ. ನನ್ನನ್ನ ಕೆಳಗೆ ಕಳಿಸಿಬಿಡಿ."

ಮೇಷ್ಟ್ರು ಕಿಟಕಿಯಾಚೆ ನೋಡಿದರು. ಶಿಖರದ ಮೇಲೆ ಇನ್ನೂ ಬಿಸಿಲಿತ್ತು.

"ನಿಮ್ಮ ವಾಚಲ್ಲಿ ಎಷ್ಟಾಗಿತ್ತು?"

ಗಡಿಯಾರ ರಿಪೇರಿಯವರು ಕೈಯನ್ನು ಬೆನ್ನ ಹಿಂದಕ್ಕೆ ಸರಿಸಿದರು. "ನನ್ನ ವಾಚು... ಸರಿಯಾಗಿ ನಡೆಯಲ್ಲ," ಎಂದರು, ಜೀವಮಾನದಲ್ಲಿ ಮೊದಲ ಬಾರಿಗೆ.

"ಸುಸ್ತಾದಾಗ ಹೀಗೆಲ್ಲ ಅನ್ಸುತ್ತೆ," ಎಂದು ಮೇಷ್ಟ್ರು ಕನಿಕರದಿಂದ ಅವರ ಹೆಗಲಿನ ಅಳತೆಗೆ ಕುಕ್ಕರ್ ಹೊರುವ ಪಟ್ಟಿ ಬಿಗಿಯತೊಡಗಿದರು. "ಇನ್ನು ಯಾರನ್ನ ಬೇಕಾದ್ರೂ ಕೆಳಗೆ ಕಳಿಸ್ತೀನಿ, ನಿಮ್ಮನ್ನ ಮಾತ್ರ ಕಳಿಸಲ್ಲ. ನೀವು ಹೋದ್ರೆ ನಮಗೆಲ್ಲ ಊಟ ಎಲ್ಲಿಂದ ಬರ್ಬೇಕು?"