ಕವರನ್ನು ಕೆಳಗಿನಿಂದ ಓದಿದವರು

ನನಗೆ ಹೊಟ್ಟೆಕಿಚ್ಚು ಇದೆ ಎಂದು ಒಪ್ಪಿಕೊಳ್ಳಲು ಅಷ್ಟೇನೂ ನಾಚಿಕೆಯಿಲ್ಲ. ಯಾವುದಕ್ಕೆ ಎಂದು ಹೇಳುವಾಗ ಮಾತ್ರ ನಾಲಿಗೆ ತಡೆಯುತ್ತದೆ. ಬೇರೆಯವರು ಪಕ್ಕದ ಮನೆಯ ಕಾರು ನೋಡಿ, ಷಡ್ಡಕನ ಸೈಟು ನೋಡಿ ಕರುಬುತ್ತಾರೆ. ನಾನು ಏಳೆಂಟು ವರ್ಷ ಕರುಬಿದ್ದು ಒಂದು ಅಂಚೆ ಕವರಿಗಾಗಿ. ಅದರೊಳಗೆ ಕಾಗದವೂ ಇರಲಿಲ್ಲ. ಅದು ಬರೀ ಉದಾಹರಣೆಗೆ ಬಂದ ಕವರು.

ಆಗ ನಾನು ಅರಸೀಕೆರೆಯ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದೆ. ಪ್ರೊಸೆಸರ್ ಕಲಿಸಲು ಇದ್ದ ಬೋರ್ಡುಗಳೆಲ್ಲ ಒಂದೊಂದಾಗಿ ಕಣ್ಣು ಮುಚ್ಚಿದ್ದವು. ಹೊಸದನ್ನು ಕೊಡಿಸುವಂತೆ ಪ್ರಿನ್ಸಿಪಾಲರನ್ನು ಕೇಳಿದರೆ ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಕೊನೆಗೆ ನಾನು ಕಂಪ್ಯೂಟರಿನಲ್ಲೇ ಎಮ್ಯುಲೇಟರ್ ಹಾಕಿದೆ. ಇಲ್ಲದ ಯಂತ್ರದ ವೇಷ ಕಟ್ಟಿ ಕುಣಿಯುವ ಪ್ರೋಗ್ರಾಮು ಅದು. ಕುಣಿತ ತಪ್ಪಿದರೆ ಎಲ್ಲಿ ತಪ್ಪಿತು ಎಂದು ವಿಚಾರಿಸಲು ಡಿಬಗ್ಗರ್ ಎಂಬ ಇನ್ನೊಂದು ಪ್ರೋಗ್ರಾಮು ಇತ್ತು. ಪ್ರೊಸೆಸರಿನ ರಿಜಿಸ್ಟರುಗಳಲ್ಲಿ, ಎಂದರೆ ಅದು ಆ ಕ್ಷಣ ಅಂಗೈಯಲ್ಲಿ ಹಿಡಿದುಕೊಂಡಿರುವ ಸಂಖ್ಯೆಗಳಲ್ಲಿ, ಏನಿದೆ ಎಂದು ಡಿಬಗ್ಗರ್ ಕೇಳುತ್ತದೆ, ಎಮ್ಯುಲೇಟರ್ ಹೇಳುತ್ತದೆ. ಇವೆರಡರ ನಡುವೆ ಮಾತು ದಾಟಿಸುವ ತುಣುಕನ್ನು ಬರೆದವನು ನಾನು. ಆ ದಿನಗಳಲ್ಲಿ ಇದನ್ನು ಸಿಕ್ಕಿದವರಿಗೆಲ್ಲ ಹೇಳಿಕೊಳ್ಳುತ್ತಿದ್ದೆ.

ಹೇಳಿಕೊಂಡು ಮುಗಿಯುವ ಮೊದಲೇ ಎಡವಟ್ಟಾಯಿತು. ೧೨೩೪ ಎಂದು ಬರಬೇಕಾದ ಕಡೆ ೩೪೧೨ ಎಂದು ಬಂತು. ಕೆಲವು ಪ್ರೊಸೆಸರುಗಳು ಸಂಖ್ಯೆಯ ದೊಡ್ಡ ಭಾಗವನ್ನು ಮೊದಲು ಇಡುತ್ತವೆ, ಕೆಲವು ಚಿಕ್ಕ ಭಾಗವನ್ನು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಸರಿ, ತೋರಿಸುವ ಕಡೆ ಸಂಖ್ಯೆಯನ್ನು ತಿರುಗಿಸಿಬಿಟ್ಟೆ. ಆ ಯಂತ್ರ ನೆಟ್ಟಗಾಯಿತು. ಆದರೆ ಹುಡುಗರಿಗೆ ಕಲಿಸಬೇಕಾದ ಇನ್ನೊಂದು ಯಂತ್ರವಿತ್ತಲ್ಲ, ನಿನ್ನೆಯವರೆಗೆ ಸರಿಯಾಗಿದ್ದ ಅದು ಇವತ್ತು ತಲೆಕೆಳಗಾಯಿತು. ಅದಕ್ಕೆಂದು ಕಳಿಸುವ ಕಡೆಯೂ ತಿರುಗಿಸಿದೆ. ಆಗ ಮೊದಲನೆಯದು ಮತ್ತೆ ಕೆಟ್ಟಿತು. ಹದಿನೈದು ದಿನ ಹೀಗೇ ಮಗ್ಗುಲು ಬದಲಾಯಿಸಿದೆ. ಮನೆಯಲ್ಲಿ ನನ್ನ ಹೆಂಡತಿ ವಸಂತ ಸಾರು ಬಡಿಸುವಾಗ ಇದನ್ನೆಲ್ಲ ವಿವರಿಸುತ್ತಿದ್ದೆ. ಅವಳು ಉಪ್ಪು ಸಾಕೇ ಎಂದು ಕೇಳುತ್ತಿದ್ದಳು.

ಅವಸರಕ್ಕೆ ಕಾರಣವಿತ್ತು. ಮುಂದಿನ ಗುರುವಾರ ಪ್ರಯೋಗಾಲಯ ನೋಡಲು ಸಮಿತಿ ಬರುವುದಿತ್ತು. ಅವರಿಗೆ ಯಾರು ಚೆನ್ನಾಗಿ ವಿವರಿಸುತ್ತಾರೋ ಅವರ ಹೆಸರಿನ ಬೋರ್ಡನ್ನೇ ಲ್ಯಾಬಿನ ಬಾಗಿಲಿಗೆ ಹಾಕಿಸುತ್ತೇನೆ ಎಂದು ಪ್ರಿನ್ಸಿಪಾಲರು ಹೇಳಿದ್ದರು. ಆ ಬೋರ್ಡಿನ ಮೇಲೆ ನನಗೆ ಎಷ್ಟು ಆಸೆಯಿತ್ತೆಂದರೆ ಅಕ್ಷರದ ಬಣ್ಣವನ್ನೂ ಮನಸ್ಸಿನಲ್ಲೇ ಆರಿಸಿಟ್ಟಿದ್ದೆ.

ಲ್ಯಾಬಿನಲ್ಲಿ ನನ್ನ ಜೊತೆಗಿದ್ದವರು ಇನ್‌ಸ್ಟ್ರಕ್ಟರ್ ಪುಟ್ಟಸ್ವಾಮಿ. ನನಗಿಂತ ಹತ್ತು ವರ್ಷ ದೊಡ್ಡವರು, ದಿನಾ ಕಣಕಟ್ಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಈ ಕೆಲಸಕ್ಕೆ ಸೇರುವ ಮೊದಲು ಕೆಲವು ತಿಂಗಳು ರೈಲ್ವೆ ಜಂಕ್ಷನ್ನಿನಲ್ಲಿ ಅಂಚೆ ವಿಂಗಡಿಸಿದ್ದವರು. ಸೋಮವಾರ ನನ್ನ ಬೆನ್ನ ಹಿಂದೆ ನಿಂತು ಟೀ ಕುಡಿಯುತ್ತ ಪರದೆಯನ್ನು ನೋಡಿದರು.

"ಸಾರ್, ನಾನು ಜಂಕ್ಷನ್ನಲ್ಲಿ ಕವರನ್ನ ಕೆಳಗಿಂದ ಓದ್ತಿದ್ದೆ. ಜಿಲ್ಲೆ ಮೊದಲು, ಆಮೇಲೆ ತಾಲ್ಲೂಕು. ಹೆಸರು ಕಟ್ಕೊಂಡು ನನಗೇನು? ನಮ್ಮೂರ ಪೋಸ್ಟ್‌ಮನ್ ಮೇಲಿಂದ ಓದ್ತಿದ್ದ, ಅವನಿಗೆ ಹೆಸರೇ ಬೇಕು. ಕವರು ಒಂದೇಯ. ನಾವಿಬ್ರೂ ಅದನ್ನ ತಿದ್ದಿ ಬರೀಲಿಲ್ಲ."

ಅದಕ್ಕೇನೀಗ ಎಂದೆ.

"ನೀವು ಕವರನ್ನೇ ತಿದ್ದಕ್ಕೆ ಹೋಗಿದ್ದೀರಿ. ಆ ಮಿಷನ್ದು ಯಾವ ಕ್ರಮ ಐತೋ ಹಂಗೇ ಕಳಿಸಿ. ಇದು ಇಂಥಾ ಮಿಷನ್ದು ಅಂತ ಓದೋನಿಗೆ ಒಂದು ಮಾತು ಹೇಳಿ, ಸಾಕು."

ನಾನು ಹಾಕಿದ್ದ ತಿರುವುಗಳನ್ನೆಲ್ಲ ಕಿತ್ತೆ. ಯಾವ ಯಂತ್ರದ ವೇಷವೋ ಆ ಯಂತ್ರದ ಕ್ರಮದಲ್ಲೇ ರಿಜಿಸ್ಟರುಗಳನ್ನು ಕಳಿಸಿದೆ, ಡಿಬಗ್ಗರಿಗೆ ಯಂತ್ರದ ಹೆಸರು ಹೇಳಿದೆ. ಎರಡೂ ಅರ್ಧ ಗಂಟೆಯಲ್ಲಿ ನೆಟ್ಟಗಾದವು. ಪುಟ್ಟಸ್ವಾಮಿ ಲೋಟ ತೊಳೆಯಲು ಹೋದರು. ನನ್ನ ಹೊಟ್ಟೆಯೊಳಗೆ ಒಲೆ ಹತ್ತಿಕೊಂಡಿದ್ದು ಆಗಲೇ.

ಇಲ್ಲಿಂದ ಮುಂದಿನದು ನನಗೆ ಚೆನ್ನಾಗಿ ನೆನಪಿದೆ. ಗುರುವಾರ ಸಮಿತಿಯ ಮುಂದೆ ಪುಟ್ಟಸ್ವಾಮಿ ಕವರಿನ ಕಥೆ ಹೇಳಿದರು, ಮೂವರು ಹಿರಿಯರೂ ತಲೆದೂಗಿದರು, ಅವರಲ್ಲಿ ಒಬ್ಬರು ಬೆನ್ನು ತಟ್ಟಿದರು. ಬೋರ್ಡು ಬಂದದ್ದು ನನ್ನ ಹೆಸರಿಗೇ. ಡಿಗ್ರಿ ನೋಡಿ ನನಗೆ ಕೊಟ್ಟರು, ಮೆಚ್ಚಿದ್ದು ಪುಟ್ಟಸ್ವಾಮಿಯವರನ್ನು ಎಂದುಕೊಂಡು ಇನ್ನಷ್ಟು ಕುದಿದೆ. ಅದೇ ಭಾನುವಾರ ಬೇಲೂರಿನಲ್ಲಿ ಪ್ರಿನ್ಸಿಪಾಲರ ಮಗಳ ಮದುವೆ, ಕಾಲೇಜಿನವರೆಲ್ಲ ಒಂದೇ ಬಸ್ಸಿನಲ್ಲಿ ಹೊರಟೆವು. ನನಗೆ ಹಿಂದಿನ ಸೀಟು ಸಿಕ್ಕಿತು. ಮುಂದೆ ವಸಂತಳ ಪಕ್ಕದ ಸಾಲಿನಲ್ಲಿ ಕೂತ ಪುಟ್ಟಸ್ವಾಮಿ ಕೈ ಆಡಿಸುತ್ತ ಏನೋ ಹೇಳುತ್ತಿದ್ದರು. ಇಂಜಿನ್ ಸದ್ದಿನಲ್ಲಿ 'ಕವರು' ಎಂಬುದೊಂದೇ ನನಗೆ ಕೇಳಿದ್ದು. ಅವಳು ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಬೇಲೂರಿನಲ್ಲಿ ಇಳಿಯುವಾಗ, "ಹದಿನೈದು ದಿನ ನೀವು ಹೇಳಿದ್ದು ಏನು ಅಂತ ಈಗ ಅರ್ಥವಾಯ್ತು ಕಣ್ರೀ" ಎಂದಳು. ಮದುವೆ ಊಟದಲ್ಲಿ ಎರಡು ಸಲ ಹೋಳಿಗೆ ಬಂತು, ಎರಡು ಸಲವೂ ಬೇಡ ಎಂದೆ. ಹೋಳಿಗೆ ಬಿಡುವ ಜಾತಿಯವನಲ್ಲ ನಾನು.

ಇದನ್ನೆಲ್ಲ ಬರೆಯುವ ಮುನ್ನ, ಇರಲಿ ಎಂದು, ಆ ವರ್ಷದ ಡೈರಿ ತೆಗೆದೆ. ನನ್ನ ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ಡೈರಿ ಬರೆಯುವುದೇ ಅದಕ್ಕೆ. ಸೋಮವಾರದ ಪುಟದಲ್ಲಿ ಟೀಗೆ ಸಕ್ಕರೆ ಹೆಚ್ಚಾಗಿತ್ತು ಎಂದು ಮಾತ್ರ ಇದೆ. ಗುರುವಾರದ ಪುಟ ನನ್ನದೇ ಅಕ್ಷರದಲ್ಲಿ ಹೀಗಿದೆ: "ಸಮಿತಿ ಬಂತು. ಕವರಿನ ಉದಾಹರಣೆ ಕೊಟ್ಟೆ. ಬಹಳ ಮೆಚ್ಚಿ ಬೆನ್ನು ತಟ್ಟಿದರು. ಪುಟ್ಟಸ್ವಾಮಿ ಯಾಕೋ ಸುಮ್ಮನೆ ನಿಂತಿದ್ದರು."

ಎರಡು ಸಲ ಓದಿದೆ. ಅಡುಗೆಮನೆಗೆ ಹೋಗಿ, ಸಮಿತಿಗೆ ಕವರಿನ ಕಥೆ ಹೇಳಿದ್ದು ಯಾರು ಎಂದು ವಸಂತಳನ್ನು ಕೇಳಿದೆ.

"ನೀವೇ ಅಲ್ವೇನ್ರೀ ಹೇಳಿದ್ದು? ಬಸ್ಸಲ್ಲಿ ಅವರು ಅದನ್ನೇ ಹೇಳ್ತಿದ್ರು. ನಮ್ ಸಾರ್ ಕವರಿನ ಕಥೆ ಏನ್ ಚೆಂದಾಗಿ ಹೇಳಿದ್ರು ಕಣಮ್ಮ, ನನಗೆ ಹಂಗೆ ಹೇಳಕ್ಕೆ ಬರ್ತಿರಲಿಲ್ಲ ಅಂತ."

ಕದ್ದವನು ನಾನು. ಕಳಕೊಂಡವರ ಮೇಲೆ ಏಳೆಂಟು ವರ್ಷ ಕರುಬಿದವನೂ ನಾನೇ. ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ನನ್ನ ಮನಸ್ಸು ಯಾವತ್ತು ತಿರುಗಿಸಿ ಇಟ್ಟುಕೊಂಡಿತೋ, ಅದಕ್ಕೆ ಡೈರಿಯಲ್ಲಿ ಪುಟವಿಲ್ಲ. ಇದರಿಂದ ಹೊಟ್ಟೆಕಿಚ್ಚು ಆರಿತೇ ಎಂದರೆ ಅದೂ ಇಲ್ಲ. ಮೊದಲು ಅವರ ಬುದ್ಧಿಗೆ ಕರುಬುತ್ತಿದ್ದೆ, ಈಗ ಅವರ ದೊಡ್ಡ ಮನಸ್ಸಿಗೆ.

ಪುಟ್ಟಸ್ವಾಮಿ ನಿವೃತ್ತರಾಗಿ ಕಣಕಟ್ಟೆಯಲ್ಲೇ ತೆಂಗಿನ ತೋಟ ನೋಡಿಕೊಂಡಿದ್ದಾರೆ. ಅವರಿಗೆ ಎಲ್ಲವನ್ನೂ ಒಪ್ಪಿಕೊಂಡು ಕಾಗದ ಬರೆದು, ಕವರಿಗೆ ಹಾಕಿ, ಅಂಟಿಸಿ, ಹೆಸರು ಊರು ಬರೆದು ಮೇಜಿನ ಮೇಲೆ ಇಟ್ಟಿದ್ದೇನೆ. ಇಟ್ಟು ಮೂರು ವಾರವಾಯಿತು. ಯಾಕೆ ಇನ್ನೂ ಹಾಕಿಲ್ಲ ಎಂದು ವಸಂತ ನಿನ್ನೆ ಕೇಳಿದಳು. ಪಿನ್‌ಕೋಡ್ ಗೊತ್ತಿಲ್ಲ ಎಂದೆ. ಅದು ನನಗೆ ಬಾಯಿಪಾಠವಾಗಿ ಎಷ್ಟೋ ವರ್ಷವಾಯಿತು.