ಒಂದು ಸಾಲಿನಲ್ಲಿ ನಾನು, ಒಂದು ಹಲ್ಲು ಕಡಿಮೆ

ನನ್ನ ಬಗ್ಗೆ ನಾನೇ ಹೇಳಿಕೊಳ್ಳುವ ವಿದ್ಯೆ ನನಗೆ ಬಂದಿಲ್ಲ. ಇದು ವಿನಯವಲ್ಲ, ರೂಢಿಯಿಲ್ಲದ್ದು. ನಮ್ಮ ಕಡೆ ಆ ಕೆಲಸವನ್ನು ಬೇರೆಯವರೇ ಮಾಡಿಕೊಡುತ್ತಾರೆ. ಕುಷ್ಟಗಿಯಲ್ಲಿ ಗಂಗಾವತಿ ಬಸ್ಸು ಹತ್ತಿ ಕೂತರೆ ಸಾಕು, ಬಸ್ಸು ಊರು ದಾಟುವ ಮೊದಲೇ ಪಕ್ಕದವರು ‘ಯಾವೂರ್ರಿ ನಿಮ್ಮದು?’ ಎನ್ನುತ್ತಾರೆ. ಹನುಮಸಾಗರ ಎಂದರೆ ‘ಅಲ್ಲಿ ಯಾರ ಪೈಕಿ?’ ಎನ್ನುತ್ತಾರೆ. ಅಪ್ಪನ ಹೆಸರು ಹೇಳಿದೆವೋ, ‘ಹಂಗಾದ್ರ ನೀವು ನಮ್ಮ ದೊಡ್ಡವ್ವನ ಬೀಗರ ಮನಿಯವರಾದ್ರಿ, ತಗೋರಿ’ ಎಂದು ತೀರ್ಪು ಕೊಟ್ಟು ಒಂದು ಹಿಡಿ ಹುರಿದ ಶೇಂಗಾ ಕೈಗೆ ಸುರಿಯುತ್ತಾರೆ. ‘ಏನು ಕೆಲಸ ಮಾಡ್ತೀರಿ?’ ಎಂಬ ಪ್ರಶ್ನೆ ಬರುವಷ್ಟರಲ್ಲಿ ತಾವರಗೇರಾ ಬಂದು ಅವರು ಇಳಿದಿರುತ್ತಾರೆ. ಹೀಗೆ ಐವತ್ತು ದಾಟಿದ ಮೇಲೆ ಯಾರಾದರೂ ನಿಮ್ಮನ್ನು ಕೂರಿಸಿ, ‘ನೀವು ಯಾರು ಎಂಬುದನ್ನು ಒಂದೇ ಸಾಲಿನಲ್ಲಿ ಬರೆಯಿರಿ, ಓದಿದವರು ನಿಮ್ಮನ್ನು ಕೆಲಸಕ್ಕೆ ಕರೆಯುವಂತಿರಲಿ’ ಎಂದರೆ ಕೈಕಾಲು ಆಡುವುದಿಲ್ಲ.

ನನ್ನನ್ನು ಹಾಗೆ ಕೂರಿಸಿದ್ದು ನೌಕರಿಯವರೆಲ್ಲ ಸೇರುವ ಒಂದು ಜಾಲತಾಣ. ಅಲ್ಲಿ ಹೆಸರಿನ ಕೆಳಗೆ ಒಂದು ಸಾಲು ಬರೆಯಬೇಕು, ಅದಕ್ಕೆ ಹೆಡ್‌ಲೈನ್ ಅನ್ನುತ್ತಾರೆ. ನನಗೆ ಅದರ ಅಗತ್ಯ ಯಾಕೆ ಬಿತ್ತೆಂದರೆ, ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಭತ್ತ ಖರೀದಿ ನೋಡಿಕೊಳ್ಳುತ್ತಿದ್ದವನು ನಾನು. ಕೊಪ್ಪಳ ಜಿಲ್ಲೆಯಾದ ವರ್ಷವೇ ಸೇರಿದ್ದೆ. ಹೋದ ದೀಪಾವಳಿಗೆ ಮಾಲೀಕರು ಮಿಠಾಯಿ ಡಬ್ಬಿ ಕೊಟ್ಟರು. ಮಿಲ್ಲು ಮುಚ್ಚಿ ಆ ಜಾಗದಲ್ಲಿ ಪ್ಲಾಟು ಹಾಕುವ ಸುದ್ದಿಯನ್ನೂ ಅದರ ಜೊತೆಗೇ ಕೊಟ್ಟರು. ಅಂದಿನಿಂದ ಮನೆಯಲ್ಲಿದ್ದೆ. ಹೆಂಡತಿ ಶಾರದಾ ಸರಕಾರಿ ಶಾಲೆಯ ಶಿಕ್ಷಕಿ. ಬೆಳಿಗ್ಗೆ ಆಕೆಗೆ ಬುತ್ತಿ ಕಟ್ಟಿಕೊಟ್ಟು ಕಳಿಸಿದರೆ ಸಂಜೆಯ ತನಕ ನನಗೆ ಕೆಲಸವಿಲ್ಲ. ಹೊತ್ತು ಹೋಗದೆ ಅಡುಗೆಮನೆಯ ಡಬ್ಬಿಗಳನ್ನು ಗೋದಾಮಿನ ಪದ್ಧತಿಯಂತೆ ಜೋಡಿಸಿಟ್ಟೆ. ಉಪ್ಪು ಬೇಕಾದರೂ ಆಕೆ ನನ್ನನ್ನೇ ಕೇಳಬೇಕಾಯಿತು. ‘ಆದಷ್ಟು ಲಗೂನ ಇವರಿಗೊಂದು ಕೆಲಸ ಸಿಗಲೆಪ್ಪಾ’ ಎಂದು ಆಕೆ ದೇವರ ಮುಂದೆ ನಿಂತು ಕೇಳಿಕೊಂಡದ್ದು ನನ್ನ ಚಿಂತೆಯಿಂದಲೋ ಉಪ್ಪಿನ ಚಿಂತೆಯಿಂದಲೋ ನನಗೆ ಇನ್ನೂ ಗೊತ್ತಿಲ್ಲ.

ಇದರಲ್ಲಿ ಇನ್ನೊಂದು ತೊಡಕಿತ್ತು. ಯಲಬುರ್ಗಾದಲ್ಲಿ ಆಕೆಯ ತಮ್ಮ ವಿರೂಪಾಕ್ಷಿ ಇದ್ದಾನೆ, ಗೊಬ್ಬರದ ಅಂಗಡಿಯವನು. ಅವನಿಗೆ ನನ್ನ ಕೆಲಸ ಹೋದದ್ದನ್ನು ಹೇಳಿರಲಿಲ್ಲ. ಅವನು ಫೋನು ಮಾಡಿ ‘ಮಾಮಾ ಎಲ್ಲಿ ಅದಾರ?’ ಎಂದರೆ ಶಾರದಾ ‘ಮಿಲ್ಲಿನ್ಯಾಗ’ ಎನ್ನುತ್ತಿದ್ದಳು. ಆಗ ನಾನು ಅಲ್ಲೇ ಅವಳ ಪಕ್ಕದಲ್ಲಿ ಕೂತು ಮೆಂತ್ಯಪಲ್ಲೆ ಸೋಸುತ್ತಿದ್ದೆ. ಮಿಲ್ಲಿನಲ್ಲಿರುವ ನಾನು ಕೆಮ್ಮಿದರೂ ಕಷ್ಟ. ನನಗೆ ಅದು ನಿಜವಾಗಿ ನೋಯುತ್ತಿತ್ತು.

ಇಂಥದ್ದರಲ್ಲಿ ಶ್ರೀರಾಮನಗರದ ಕಡೆ ಹೊಸ ಮಿಲ್ಲೊಂದು ಶುರುವಾಯಿತು, ಖರೀದಿಗೆ ಅನುಭವಸ್ಥರು ಬೇಕಂತೆ ಎಂದು ಗೊತ್ತಾಯಿತು. ಫೋನು ಮಾಡಿದೆ. ಎತ್ತಿದ್ದು ಮಾಲೀಕರ ಸೊಸೆ, ಲಾವಣ್ಯ ಎಂಬ ಹುಡುಗಿ. ‘ಪ್ರೊಫೈಲ್ ಲಿಂಕ್ ಕಳಿಸಿ ಅಂಕಲ್, ನೋಡಿ ಹೇಳ್ತೀನಿ’ ಎಂದು ಇಟ್ಟುಬಿಟ್ಟಳು.

ಖಾತೆ ತೆರೆದೆ. ಹೆಡ್‌ಲೈನ್ ಜಾಗದಲ್ಲಿ ‘ಬಿ.ಕಾಂ.’ ಎಂದು ಬರೆದೆ. ಶಾರದಾ ನೋಡಿ, ‘ಇದು ಹೆಡ್‌ಲೈನೋ, ಡಾಕ್ಟರ್ ಬೋರ್ಡಿನ ಬಾಲಾನೋ?’ ಎಂದಳು. ಹಾಗಾದರೆ ಬೇರೆಯವರು ಏನು ಬರೆದಿದ್ದಾರೆ ನೋಡೋಣವೆಂದು ಹುಡುಕಿದೆ. ಅಲ್ಲಿ ಸಾಮಾನ್ಯ ಮನುಷ್ಯ ಒಬ್ಬನೂ ಇಲ್ಲ. ಎಲ್ಲರೂ ದೂರದೃಷ್ಟಿಯುಳ್ಳವರು, ಬದಲಾವಣೆಯ ಹರಿಕಾರರು. ನಮ್ಮ ಮಿಲ್ಲಿನ ಎದುರು ಲಾರಿ ತೂಗುವ ಕಾಟಾದಲ್ಲಿ ಚೀಟಿ ಹರಿದುಕೊಡುತ್ತಿದ್ದ ಮಂಜುನಾಥ ‘ಭಾರ ನಿರ್ವಹಣಾ ತಂತ್ರಜ್ಞ’ ಆಗಿದ್ದ. ನಕ್ಕು ನಕ್ಕು ದವಡೆ ನೋವಾಯಿತು. ನೋವಿಗೆ ನಗು ಒಂದೇ ಕಾರಣವಲ್ಲ, ಹಿಂದಿನ ವಾರವಷ್ಟೇ ಬಲಗಡೆಯ ಕೆಳಗಿನ ದವಡೆಹಲ್ಲನ್ನು ತೆಗೆಸಿದ್ದೆ. ಈ ಹಲ್ಲಿನ ವಿಷಯ ಮುಂದೆ ಬರುತ್ತದೆ.

ಮರುದಿನ ಗೆಳೆಯ ಹುಸೇನಸಾಬನ ಅಂಗಡಿಗೆ ಹೋದೆ. ಅವನು ಫ್ಲೆಕ್ಸ್ ಮಾಡುವವನು. ಗಂಗಾವತಿಯ ಅರ್ಧ ಊರನ್ನು ಒಂದೊಂದು ಸಾಲಿನಲ್ಲಿ ದೊಡ್ಡವರನ್ನಾಗಿ ಮಾಡಿದ ಕೈ ಅದು. ವಿಷಯ ಕೇಳಿದವನೇ, ‘ಇಷ್ಟಕ್ಕ ಇಷ್ಟ್ಯಾಕ ಸಣ್ಣ ಮಾರಿ ಮಾಡೀದಿ?’ ಎಂದು ಪಟಪಟ ಟೈಪು ಮಾಡಿದ: ‘ಅನ್ನದಾತರ ಆಪ್ತಮಿತ್ರ, ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಭತ್ತದ ಭಾಗ್ಯವಿಧಾತ, ಸನ್ಮಾನ್ಯ ಶ್ರೀ ಶರಣಪ್ಪನವರು.’ ಕೈ ಮುಗಿದ ಫೋಟೋ ಒಂದನ್ನು ಹಾಕಿ, ಕೆಳಗೆ ‘ಶುಭ ಕೋರುವವರು’ ಎಂದು ನಾಲ್ಕು ಜನರ ಮುಖ ಸೇರಿಸೋಣ ಎಂದ. ‘ಕೆಲಸ ಕೇಳಾಕ ಹೊಂಟೀನೋ ಮಾರಾಯ, ಇಲೆಕ್ಷನ್ನಿಗಲ್ಲ’ ಎಂದೆ. ‘ಎರಡಕ್ಕೂ ಕೈ ಮುಗೀಲೇಬೇಕಲ್ಲೋ’ ಎಂದ. ಅವನು ತರಿಸಿದ ಚಹಾ ಕುಡಿದು ಬಂದೆ.

ಬೇಸತ್ತು, ಇದ್ದದ್ದನ್ನೇ ಬರೆದರಾಯಿತು ಎಂದು ‘ಕೆಲಸ ಹುಡುಕುತ್ತಿದ್ದೇನೆ’ ಎಂದು ಹಾಕಿದೆ. ಶಾರದಾ ಶಾಲೆಯಿಂದ ಬಂದವಳು ನೋಡಿ ಚಪ್ಪಲಿ ಸಹ ಬಿಡಲಿಲ್ಲ. ‘ಮದ್ಲ ಅಳಿಸ್ರಿ ಅದನ್ನ. ನಮ್ಮ ವಿರೂಪಾಕ್ಷಿ ನೋಡಿದ್ರ ಏನ್ ತಿಳ್ಕೊಂತಾನ?’ ಎಂದಳು. ‘ಗೊಬ್ಬರ ಮಾರೋರು ಇದನ್ನೆಲ್ಲಿ ನೋಡ್ತಾರ?’ ಎಂದೆ. ‘ಎಲ್ಲಾರೂ ನೋಡ್ತಾರ. ನಿಮಗ ಕೆಲಸ ಕೊಡೋರೊಬ್ರು ಬಿಟ್ಟು’ ಎಂದಳು. ಮಾತು ಆಡಿದ ಮೇಲೆ ಅವಳಿಗೇ ಕೆಟ್ಟೆನಿಸಿರಬೇಕು. ಚಪ್ಪಲಿ ಬಿಟ್ಟು ಬಂದು ಪಕ್ಕದಲ್ಲಿ ಕೂತು, ಮಕ್ಕಳಿಗೆ ಕೇಳುವ ಹಾಗೆ ಮೆಲ್ಲಗೆ ಕೇಳಿದಳು: ‘ಆ ಮಿಲ್ಲಿನ್ಯಾಗ ಭತ್ತ ಬಂದಾಗ ನಿಮ್ಮನ್ನ ಏನಂತ ಕರೀತಿದ್ರು, ಹೇಳ್ರಿ ನೋಡೋಣ.’

ಏನಂತ ಕರೆಯುತ್ತಿದ್ದರು? ‘ಶರಣಪ್ಪನ್ನ ಕರೀರಿ, ಅಂವ ಕಡೀಲಿ’ ಎನ್ನುತ್ತಿದ್ದರು. ಭತ್ತದಲ್ಲಿ ಹಸಿ, ಅಂದರೆ ನೀರಿನ ಅಂಶ, ನೂರಕ್ಕೆ ಎಷ್ಟಿದೆ ಎಂಬುದರ ಮೇಲೆ ದರ. ಅದಕ್ಕೆ ಮಷೀನು ಇದೆ. ಆದರೆ ಮಷೀನು ಮಿಲ್ಲಿನವರದು, ಹಾಗಾಗಿ ರೈತರಿಗೆ ಅದರ ಮೇಲೆ ನಂಬಿಕೆಯಿಲ್ಲ. ರೈತ ಒಣಗಿದೆ ಎಂದು ಆಣೆ ಮಾಡುತ್ತಾನೆ, ಅದರ ಮೇಲೆ ಮಾಲೀಕರಿಗೆ ನಂಬಿಕೆಯಿಲ್ಲ. ಮಾತು ಏರಿದಾಗ ನನ್ನನ್ನು ಕರೆಯುತ್ತಿದ್ದರು. ನಾನು ನಾಲ್ಕು ಕಾಳು ಬಲಗಡೆಯ ದವಡೆಗೆ ಹಾಕಿ ಕಡಿಯುತ್ತಿದ್ದೆ. ಒಣಗಿದ ಕಾಳು ಕಟ್ ಎನ್ನುತ್ತದೆ, ಹಸಿ ಇದ್ದದ್ದು ಹಲ್ಲಿನ ಕೆಳಗೆ ಮೆತ್ತಗೆ ಬಗ್ಗುತ್ತದೆ. ಇಷ್ಟೆಂದು ನಾನು ಹೇಳಿದರೆ ಇಬ್ಬರೂ ಗೊಣಗುತ್ತಲೇ ಒಪ್ಪುತ್ತಿದ್ದರು. ಜೋಳ ಬೆಳೆಯುವ ಸೀಮೆಯಲ್ಲಿ ಹುಟ್ಟಿ ಭತ್ತ ಕಡಿದು ಸಂಬಳ ತಿಂದವನು ನಾನು. ಇಷ್ಟು ಹೇಳುವಷ್ಟರಲ್ಲಿ ಶಾರದಾ ಮೊಬೈಲು ಇಸಿದುಕೊಂಡು ತಾನೇ ಬರೆದಳು: ‘ಭತ್ತ ಕಡಿದು ಹಸಿ ಎಷ್ಟೆಂದು ಹೇಳುತ್ತೇನೆ. ರೈತರೂ ಒಪ್ಪುತ್ತಾರೆ, ಮಾಲೀಕರೂ ಒಪ್ಪುತ್ತಾರೆ.’

‘ಆದ್ರ ಆ ಹಲ್ಲು ಈಗ ಇಲ್ಲಲ್ಲ?’ ಎಂದೆ. ‘ಹೆಡ್‌ಲೈನಿನ್ಯಾಗ ಹಲ್ಲಿನ ಸುದ್ದಿ ಎಲ್ಲೈತಿ? ಸುಮ್ನಿರ್ರಿ’ ಎಂದಳು.

ಹೆಡ್‌ಲೈನು ಕೆಲಸ ಮಾಡಿತು. ಮರುದಿನವೇ ಲಾವಣ್ಯಳ ಫೋನು ಬಂತು, ‘ಮಾವ ನಿಮ್ಮನ್ನ ಈಗ್ಲೇ ನೋಡಬೇಕಂತೆ ಅಂಕಲ್.’ ಅದಕ್ಕಿಂತ ಮೊದಲು ಜಾಲತಾಣದಲ್ಲಿ ನನ್ನ ಸಂಪರ್ಕ ಬಯಸಿ ಒಬ್ಬರು ಬಂದಿದ್ದರು, ಹಲ್ಲು ಕಿತ್ತ ಡಾಕ್ಟರು. ದೊಡ್ಡ ಮನುಷ್ಯರು ತಾವಾಗಿ ಬಂದರಲ್ಲ ಎಂಬ ಖುಷಿಯಲ್ಲಿ ಒಪ್ಪಿಗೆ ಒತ್ತಿ, ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟೆ.

ಮಾಲೀಕರಾದ ಸುಬ್ಬಾರಾಯರು ಎಪ್ಪತ್ತು ದಾಟಿದವರು, ಆಂಧ್ರ ಮೂಲದವರು. ಹೆಚ್ಚು ಮಾತಿಲ್ಲ. ಒಂದು ಹಿಡಿ ಭತ್ತ ಮೇಜಿನ ಮೇಲೆ ಸುರಿದು, ‘ಹೇಳ್ರಿ ಶರಣಪ್ಪ ಗಾರು, ಎಷ್ಟೈತಿ?’ ಎಂದರು. ಪಕ್ಕದಲ್ಲಿ ಮಷೀನು, ಅದರ ಪಕ್ಕದಲ್ಲಿ ಮೊಬೈಲು ಹಿಡಿದ ಲಾವಣ್ಯ. ನಾಲ್ಕು ಕಾಳು ಬಾಯಿಗೆ ಹಾಕಿದೆ. ರೂಢಿಯಂತೆ ನಾಲಿಗೆ ಅವನ್ನು ಬಲಗಡೆಗೆ ಒಯ್ದಿತು. ಅಲ್ಲಿ ಖಾಲಿ ಜಾಗ. ಕಾಳು ಎಲ್ಲೋ ಹೋಗಿ ಕೂತು ಗಾಯಕ್ಕೆ ಚುಚ್ಚಿತು. ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಲಾವಣ್ಯ ಕಿಸಕ್ಕನೆ ನಕ್ಕಳು. ಹೆಡ್‌ಲೈನಿನ ಚೆಂದಕ್ಕೆ ಮೆಚ್ಚಿ ಶಾರದಾ ಅದನ್ನೇ ನನ್ನ ಖಾತೆಯಲ್ಲಿ ಒಂದು ಪೋಸ್ಟು ಮಾಡಿ ಹಾಕಿದ್ದಳು. ಅದರ ಕೆಳಗೆ ಡಾಕ್ಟರು ಎಲ್ಲರಿಗೂ ಕಾಣುವಂತೆ ಬರೆದಿದ್ದರು. ಹುಡುಗಿ ಗಟ್ಟಿಯಾಗಿ ಓದಿದಳು: ‘ಅಭಿನಂದನೆಗಳು ಶರಣಪ್ಪನವರೇ. ಬಲಗಡೆ ಹಲ್ಲು ಕಿತ್ತ ಗಾಯ ಇನ್ನೂ ಮಾಗಿಲ್ಲ, ಸದ್ಯ ಏನನ್ನೂ ಕಡಿಯಬೇಡಿ.’

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಎದ್ದು ನಿಂತೆ. ‘ಖರೇ ಐತ್ರಿ. ಮೊದಲ ಹೇಳಬೇಕಿತ್ತು. ಬರ್ತೀನ್ರಿ’ ಎಂದೆ. ರಾಯರು ಕೈ ಎತ್ತಿ ಕೂರಲು ಹೇಳಿದರು. ‘ನನ್ನವು ಮ್ಯಾಲಿನವು, ಕೆಳಗಿನವು ಎರಡೂ ಕಟ್ಟಿಸಿದ್ದು. ಮೊದಲು ನಾನೇ ಕಡೀತಿದ್ದೆ. ಈಗ ಆಗಲ್ಲ ಅಂತಲೇ ನಿಮ್ಮನ್ನ ಕರೆಸಿದ್ದು’ ಎಂದರು. ಆಮೇಲೆ ಎತ್ತು ಕೊಳ್ಳುವವರ ಹಾಗೆ ಮುಂದೆ ಬಾಗಿ ಕೇಳಿದರು: ‘ಎಡಗಡೆ ಹೆಂಗದಾವ?’

‘ಎಲ್ಲಾ ಅದಾವ್ರಿ’ ಎಂದೆ.

‘ಮತ್ತ ಕಡೀರಿ.’

ಎಡಗಡೆ ಎಂದೂ ಕಡಿದವನಲ್ಲ, ಕೈ ಬದಲಿಸಿ ಬರೆದಂತಾಯಿತು. ಕಣ್ಣು ಮುಚ್ಚಿ ಕಡಿದು ‘ಹದಿನೇಳು’ ಎಂದೆ. ಲಾವಣ್ಯ ಮಷೀನಿಗೆ ಕಾಳು ಹಾಕಿದಳು. ಅದೂ ಸ್ವಲ್ಪ ಯೋಚಿಸಿ ಹದಿನೇಳು ಎಂದಿತು. ‘ಸೋಮವಾರ ಬರ್ರಿ’ ಎಂದರು ರಾಯರು.

ಸಂಜೆ ಶಾರದಾ ತಾನಾಗಿಯೇ ವಿರೂಪಾಕ್ಷಿಗೆ ಫೋನು ಮಾಡಿ, ನಾನು ಮಿಲ್ಲು ಬದಲಿಸಿದೆನೆಂದು ಹೇಳಿದಳು. ಅವನು ಆ ಭಾನುವಾರವೇ ಒಂದು ಚೀಲ ಹುರಿದ ಶೇಂಗಾ ತಗೊಂಡು ಬಂದ. ‘ಹೆಡ್‌ಲೈನ್ ಮಸ್ತ್ ಐತಿ ಬಿಡ್ರಿ ಮಾಮಾ. ಆದ್ರ ಅದಕ್ಕೂ ಮದ್ಲ ಹಾಕಿದ್ರಲ್ಲಾ, ಅದನ್ನೂ ನೋಡಿದ್ದೆ’ ಎಂದ. ಶಾರದಾ ನನ್ನ ಮುಖ ನೋಡಿದಳು, ನಾನು ಗೋಡೆ ನೋಡಿದೆ. ಅವನು ಏನೂ ಆಗಿಲ್ಲವೆಂಬಂತೆ ಶೇಂಗಾದ ತಟ್ಟೆ ನನ್ನ ಮುಂದೆ ಸರಿಸಿದ. ಎಷ್ಟೋ ತಿಂಗಳ ಮೇಲೆ ಹಗುರಾದ ಮನಸ್ಸಿನಿಂದ ನಾನು ಕೈ ಚಾಚಿದೆ. ಶಾರದಾ ತಟ್ಟೆಯನ್ನು ಅತ್ತ ಎಳೆದುಕೊಂಡಳು.

‘ಅವರಿಗ ಬ್ಯಾಡ’ ಎಂದು ತಮ್ಮನಿಗೆ ಹೇಳಿದಳು. ‘ಉಳಿದಿರೋದು ಎಡಗಡೆ ಒಂದ, ಅದು ಮಿಲ್ಲಿಂದು.’

ಅವರಿಬ್ಬರೂ ಶೇಂಗಾ ತಿಂದರು. ನಾನು ಬಾಳೆಹಣ್ಣು ತಿಂದೆ.