ಷಷ್ಠಿಯ ದಿನದ ಸಮುದ್ರ

ದೇವರು ಕೊಟ್ಟದ್ದನ್ನು ನೆನೆಯುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ. ಬೆಳಿಗ್ಗೆ ಒಲೆ ಹೊಗೆಯಾಡದೆ ಹತ್ತಿಕೊಂಡರೆ ಅದೊಂದು ಕೃಪೆ. ಬಾವಿಯ ಹಗ್ಗ ಹರಿಯದೆ ಕೊಡ ಮೇಲೆ ಬಂದರೆ ಇನ್ನೊಂದು ಕೃಪೆ. ಸಾರಿಗೆ ಉಪ್ಪು ಹೆಚ್ಚಾದ ದಿನ ಮನೆಯವರು ಮಾತಾಡದೆ ಉಂಡೆದ್ದು ಹೋದರೆ ಅದು ದೊಡ್ಡ ಕೃಪೆ. ಸಂಜೆ ದೀಪ ಹಚ್ಚುವಾಗ ಇವನ್ನೆಲ್ಲ ಒಂದೊಂದಾಗಿ ನೆನೆದು ಕೈಮುಗಿಯುತ್ತೇನೆ. ಆದರೂ ದೇವರ ಮೇಲೆ ನನ್ನದೊಂದು ತಕರಾರು ಬಹಳ ದಿನ ಉಳಿದಿತ್ತು. ನಮ್ಮ ರಾಯಚೂರು ಸೀಮೆಗೆ ಒಂದು ಮಗ್ಗುಲಲ್ಲಿ ಕೃಷ್ಣೆ, ಇನ್ನೊಂದು ಮಗ್ಗುಲಲ್ಲಿ ತುಂಗಭದ್ರೆಯನ್ನು ಕೊಟ್ಟವನು, ಆ ಇಬ್ಬರೂ ಹೋಗಿ ಸೇರುವ ಸಮುದ್ರವನ್ನು ಮಾತ್ರ ಅಷ್ಟು ದೂರ ಯಾಕೆ ಇಟ್ಟ?

ಈ ತಕರಾರು ಹುಟ್ಟಿದ್ದು ತವರುಮನೆ ದೇವದುರ್ಗದಲ್ಲಿ. ಅಲ್ಲಿ ನಮ್ಮ ಅಜ್ಜ ಗುಡಿಯ ಕಟ್ಟೆಯ ಮೇಲೆ ಪುರಾಣ ಹೇಳುತ್ತಿದ್ದರು. ಒಬ್ಬ ಋಷಿ ಸಿಟ್ಟಿಗೆದ್ದು ಸಮುದ್ರವನ್ನೇ ಅಂಗೈಯಲ್ಲಿ ತಗೊಂಡು ಕುಡಿದುಬಿಟ್ಟ ಎಂದು ಅಜ್ಜ ಕಣ್ಣು ಮುಚ್ಚಿ ಹೇಳುವಾಗ, ಎಲ್ಲರ ಕಣ್ಣಲ್ಲೂ ನೀರು. ನಾನು ಮಾತ್ರ ನಡುವೆ ಬಾಯಿ ಹಾಕಿ, "ಅಜ್ಜಾ, ಅವರ ಬಾಯಿ ಉಪ್ಪ ಆಗಲಿಲ್ಲೇನು?" ಎಂದು ಕೇಳಿದೆ. ಪುರಾಣ ಅಲ್ಲಿಗೇ ನಿಂತಿತು. ಅಜ್ಜ ಬೈಯಲಿಲ್ಲ. "ಒಂದ್ ದಿನ ನೀನs ಹೋಗಿ ಒಂದ್ ಹನಿ ನಾಲಿಗಿ ಮ್ಯಾಲ ಹಾಕ್ಕೊಂಡು ನೋಡವ್ವಾ" ಎಂದರು. ಅಂದಿನಿಂದ ಆ ಒಂದು ಹನಿಯ ಆಸೆ. ಮದುವೆಯಾಗಿ ಮಾನ್ವಿಗೆ ಬಂದೆ, ಸಂಸಾರವಾಯಿತು, ಹನಿ ಹಾಗೆಯೇ ಉಳಿಯಿತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ನಮ್ಮ ಅತ್ತೆಗೆ ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿಯ ದರ್ಶನವಾಗಬೇಕೆಂದು ಮನಸ್ಸಾಯಿತು. ಅದು ಮದರಾಸಿನಲ್ಲಿದೆ, ಮದರಾಸು ಸಮುದ್ರದ ದಂಡೆಗಿದೆ. ಅತ್ತೆಯ ಭಕ್ತಿಗೆ ನಾನು ಅಷ್ಟು ಉತ್ಸಾಹದಿಂದ ಹ್ಞೂಂ ಅಂದದ್ದು ಅದೇ ಮೊದಲು. ನಮ್ಮ ಮನೆಯವರು ಮಾನ್ವಿಯ ಸಾಲೆಯಲ್ಲಿ ಮಾಸ್ತರರು. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅತ್ತೆ ಅವರನ್ನು "ಗುಂಡ್ಯಾ" ಅನ್ನುತ್ತಾರೆ, ಅದನ್ನು ಬರೆದರೆ ದೋಷವಿರಲಿಕ್ಕಿಲ್ಲ. ಸಾಲೆಯ ರಜೆ ನೋಡಿ ರಾಯಚೂರಿನಿಂದ ರೈಲಿಗೆ ಟಿಕೀಟು ತೆಗೆಸಿದರು. ಪಂಚಾಂಗ ನೋಡಲಿಲ್ಲ. ಆ ತಪ್ಪಿನ ಫಲ ಮುಂದೆ ಬರುತ್ತದೆ.

ನಮ್ಮ ಅತ್ತೆಯ ಮಡಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಮಾವನವರು ತೀರಿಕೊಂಡಂದಿನಿಂದ ಅವರದು ಕೆಂಪು ಸೀರೆ. ನಾಳೆ ಉಟ್ಟು ಅಡಿಗೆ ಮಾಡುವ ಸೀರೆಯನ್ನು ಇಂದೇ ಹಿಂಡಿ, ಯಾರೂ ಮುಟ್ಟದಂತೆ ಕೋಲಿನಿಂದ ಎತ್ತಿ ಒಣಗಿಸಬೇಕು. ಮದರಾಸಿನ ಛತ್ರದಲ್ಲಿ ನೂರು ಜನ ಓಡಾಡುತ್ತಾರೆ, ಅಲ್ಲಿ ಬಿಟ್ಟು ಹೋಗುವುದು ಹೇಗೆ? ಅದಕ್ಕೇ ಅತ್ತೆ ಒದ್ದೆ ಸೀರೆಯನ್ನು ಮಡಿಕೋಲಿಗೆ ಇಳಿಬಿಟ್ಟು, ಕೋಲನ್ನು ಕೈಯಲ್ಲಿ ನೆಟ್ಟಗೆ ಹಿಡಿದುಕೊಂಡು ಜಟಕಾ ಹತ್ತಿ ಕುಳಿತರು. ರೈಲಿನ ನೂಕುನುಗ್ಗಲಿನಲ್ಲೂ ಆ ಕೋಲು ಅವರ ಕೈ ಬಿಟ್ಟಿರಲಿಲ್ಲ. ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ನನ್ನ ಕೈಯಲ್ಲಿ ಸೌಟು ಕೂಡ ಅಷ್ಟು ಹೊತ್ತು ನಿಲ್ಲುವುದಿಲ್ಲ.

ಊರು ತೋರಿಸಲು ಛತ್ರದವರು ಸೇತೂರಾಯರೆಂಬ ಮುದುಕರನ್ನು ಗೊತ್ತುಮಾಡಿಕೊಟ್ಟಿದ್ದರು. ನಮ್ಮ ಮತದವರೇ, ಮನೆಮಾತು ಕನ್ನಡ, ಆದರೆ ತಮಿಳಿನಲ್ಲಿ ನೆನೆಸಿಟ್ಟ ಕನ್ನಡ. ಪ್ರತಿ ಜಾಗದ ಚರಿತ್ರೆಯೂ ಅವರಿಗೆ ಸಂಧ್ಯಾವಂದನೆಯ ಮಂತ್ರದಂತೆ ಬಾಯಿಪಾಠ. ನಡುವೆ ಯಾರಾದರೂ ಮಾತಾಡಿದರೆ ಮಂತ್ರಲೋಪವಾದ ಹಾಗೆ, ಮತ್ತೆ ಮೊದಲಿನಿಂದ ಶುರು. ಮಾತಾಡದೆ ಇರುವುದು ನಮ್ಮ ಮನೆಯವರಿಂದ ಆಗುವುದಿಲ್ಲ.

"ಈ ಕೋಟೆ ಅಮ್ಮಾ, ಇಂಗ್ಲಿಷಿನವರು ಈ ದೇಶದಲ್ಲಿ ಮೊದಲು ಮೊದಲು ಕಟ್ಟಿದ ಕೋಟೆ..."

"ನಮ್ಮ ರಾಯಚೂರ ಕೋಟ್ಯಾಗ ಒಂದ್ ಕಲ್ಲು ಅದ ರೀ," ಎಂದರು ನಮ್ಮ ಮನೆಯವರು. "ಒಂದs ಕಲ್ಲು. ಎಷ್ಟ್ ಉದ್ದ ಅಂದ್ರ, ಅದರ ಮ್ಯಾಲ ಶಾಸನ ಬರದಾರ."

ಸೇತೂರಾಯರು ಕಣ್ಣು ಮುಚ್ಚಿ, ಉಸಿರು ಎಳೆದುಕೊಂಡು, "ಈ ಕೋಟೆ ಅಮ್ಮಾ, ಇಂಗ್ಲಿಷಿನವರು..." ಎಂದು ಮತ್ತೆ ಹಿಡಿದರು.

ಅಷ್ಟರಲ್ಲಿ ಕೋಟೆಯ ಬಾಗಿಲಿನ ಪೊಲೀಸಿನವನು ಓಡಿಬಂದು ಜಟಕಾ ನಿಲ್ಲಿಸಿದ. ಅತ್ತೆಯ ತಲೆಯ ಮೇಲೆ ಹಾರಾಡುತ್ತಿದ್ದ ಕೆಂಪು ಸೀರೆಗೆ ಬೆರಳು ತೋರಿಸಿ ತಮಿಳಿನಲ್ಲಿ ಏನೋ ಗದರಿದ. ಆಗ ಊರಲ್ಲಿ ಗಿರಣಿಗಳ ಮುಷ್ಕರ ಅಂತೆ, ಕೆಂಪು ಬಾವುಟ ಕಂಡರೆ ಪೊಲೀಸರಿಗೆ ಮೈಯೆಲ್ಲ ಕಣ್ಣು ಅಂತೆ.

"ಯಾವ ಪಕ್ಷದ ಬಾವುಟ ಅಂತ ಕೇಳ್ತಾನೆ ಅಮ್ಮಾ," ಎಂದರು ಸೇತೂರಾಯರು.

"ಪಕ್ಷ? ಶುಕ್ಲಪಕ್ಷ ನಡದದ. ಇದು ನನ್ನ ಸೀರಿ ಅಂತ ಹೇಳ್ರಿ ಅವನಿಗೆ," ಎಂದರು ಅತ್ತೆ.

ಅವನು ನಂಬದೆ ಸೀರೆಯ ಅಂಚಿಗೆ ಕೈ ಚಾಚಿದ. "ಏಯ್, ಮುಟ್ಟಬ್ಯಾಡ!" ಎಂದು ಅತ್ತೆ ಕೂಗಿದ ಕೂಗಿಗೆ ಕುದುರೆ ಎರಡು ಹೆಜ್ಜೆ ಹಿಂದೆ ಹೋಯಿತು, ಅದರ ಹಿಂದೆಯೇ ಪೊಲೀಸಿನವನೂ. ಸೇತೂರಾಯರು ಕೆಳಗಿಳಿದು ಅವನ ಕಿವಿಯಲ್ಲಿ ಏನೋ ಹೇಳಿದರು. ಅವನ ಮೀಸೆಯಡಿ ನಗು ಮೂಡಿತು. ಅವನ ಊರಿನಲ್ಲೂ ಇಂಥ ಅಜ್ಜಿಯೊಬ್ಬರು ಇರಬೇಕು. ಅತ್ತೆಗೆ ಒಂದು ಸಲಾಮು ಹೊಡೆದು ದಾರಿ ಬಿಟ್ಟ. ಅತ್ತೆ ಕೋಲನ್ನು ತುಸು ಬಾಗಿಸಿ ಅದನ್ನು ಸ್ವೀಕರಿಸಿದರು. ನಾನು ಆ ದಿನ ಕಂಡ ರಾಜಗಾಂಭೀರ್ಯವೆಲ್ಲ ಕೋಟೆಯ ಹೊರಗೇ ಇತ್ತು.

ಊರು ಮಾತ್ರ ಊರೇ. ದೊಡ್ಡ ಕೋರ್ಟಿನ ನೆತ್ತಿಯ ಮೇಲೆ ಹಡಗುಗಳಿಗೆ ದಾರಿ ತೋರಿಸುವ ದೀಪ ಇಟ್ಟಿದ್ದಾರೆ. ವ್ಯಾಜ್ಯಕ್ಕೆ ಬಂದವರಿಗೆ ದಾರಿ ಸಿಗದಿದ್ದರೂ ಹಡಗಿನವರಿಗಾದರೂ ಸಿಗಲಿ ಎಂದು ಕೈಮುಗಿದೆ. ಎತ್ತು ಕುದುರೆ ಇಲ್ಲದೆ ಬೀದಿಯ ನಡುವೆ ಗಂಟೆ ಬಾರಿಸುತ್ತ ಹೋಗುವ ಟ್ರಾಮು, ತಿರುವಿದರೆ ಸಾಕು ಬುಳುಬುಳು ನೀರು ಬರುವ ನಲ್ಲಿ. ಆ ನಲ್ಲಿಯ ಮುಂದೆ ನಾನು ನಿಂತೇ ಬಿಟ್ಟೆ. "ಅದರಾಗ ಚರ್ಮದ ಬಿಲ್ಲಿ ಹಾಕಿರ್ತಾರ, ಆ ನೀರು ಮಡಿಗೆ ಬರಂಗಿಲ್ಲ, ಬಾ ಈಕಡಿ," ಎಂದು ಅತ್ತೆ ಕರೆದರು. ಹಗ್ಗ ಎಳೆದು ಎಳೆದು ಬೊಬ್ಬೆ ಎದ್ದ ನನ್ನ ಅಂಗೈಗೆ ಆ ಮಾತು ಒಪ್ಪಿಗೆಯಾಗಲಿಲ್ಲ.

ಆದರೆ ಹೊತ್ತು ಇಳಿಯುತ್ತಿತ್ತು. ಸೇತೂರಾಯರು ಪ್ರತಿಯೊಂದನ್ನೂ ಎರಡೆರಡು ಸಲ ಹೇಳುತ್ತಿದ್ದರು. ಸಮುದ್ರ ಅವರ ಪಾಠದಲ್ಲಿ ಕೊನೆಯದು. ದೀಪ ಹಚ್ಚುವ ಹೊತ್ತಿಗೆ ಛತ್ರ ಸೇರಲೇಬೇಕೆಂದು ಅತ್ತೆಯ ಅಪ್ಪಣೆ, ಮರುದಿನ ಬೆಳಿಗ್ಗೆ ಊರಿಗೆ ರೈಲು. ಗುಡಿಯಲ್ಲಿ ಮೀಸೆ ಹೊತ್ತು ಸಾರಥಿಯಾಗಿ ನಿಂತ ಕೃಷ್ಣನ ಮುಂದೆ ಅತ್ತೆ ಕಣ್ಣೀರು ಸುರಿಸುತ್ತಿದ್ದರೆ, ನಾನು ಪಾಪಿ, "ಸ್ವಾಮೀ, ನಮ್ಮ ಜಟಕಾದ ಕುದುರೆಯನ್ನೂ ಸ್ವಲ್ಪ ಓಡಿಸು" ಎಂದು ಬೇಡಿಕೊಂಡೆ.

ಓಡಿಸಿದ. ಗುಡಿಯಿಂದ ಸ್ವಲ್ಪ ದೂರಕ್ಕೇ ಮರಳು, ಮರಳಿನ ಆಚೆ ಅದರ ಗದ್ದಲ ಕೇಳಿಸಿತು. ನಾನು ಜಟಕಾದಿಂದ ಧುಮುಕುವುದರಲ್ಲಿದ್ದೆ. ಅತ್ತೆ ಕೇಳಿದರು: "ಇವತ್ತ್ ತಿಥಿ ಯಾವುದ್ರಿ ರಾಯರ?"

"ಷಷ್ಠಿ ಅಮ್ಮಾ."

"ಹಂಗಾದ್ರ ಮುಟ್ಟಂಗಿಲ್ಲ. ಅರಳಿಮರ ಶನಿವಾರ ಮುಟ್ಟಬೇಕು, ಸಮುದ್ರ ಅಮಾಸಿ ಹುಣ್ಣಿಮಿಗೆ ಮುಟ್ಟಬೇಕು. ಉಳದ ದಿನ ದೂರಿಂದ ಕೈ ಮುಗೀಬೇಕು. ಗುಂಡ್ಯಾ, ಪಂಚಾಂಗ ನೋಡಿ ಟಿಕೀಟ್ ತೆಗಸಬೇಕಿತ್ತೋ ಇಲ್ಲೋ?"

ನಮ್ಮ ಮನೆಯವರು ಜೀವನದಲ್ಲಿ ಮೊದಲ ಸಲ ರಾಯಚೂರು ಕೋಟೆಯ ಕಲ್ಲಿನಂತೆ ಸುಮ್ಮನಿದ್ದರು. ಶಾಸ್ತ್ರ ನನಗೂ ಗೊತ್ತಿತ್ತು, ಆಸೆಯ ಗದ್ದಲದಲ್ಲಿ ಮರೆತಿದ್ದೆ. ಒಣ ಮರಳಿನ ಮೇಲೆ ನಿಂತು ಕೈಮುಗಿದೆ. "ಅತ್ಯಾ, ಒಂದs ಒಂದ್ ಹನಿ ನಾಲಿಗಿಗೆ ಹಾಕ್ಕೊಳ್ಳಬೇಕು ಅಂತ ಸಣ್ಣಾಕಿ ಇದ್ದಾಗಿಂದ..." ಎಂದು ಬಾಯಿಗೆ ಬಂದದ್ದು ಅರ್ಧಕ್ಕೇ ನಿಂತಿತು. ಅತ್ತೆ ನನ್ನ ಮುಖ ನೋಡಿದರು. ಕೋಲು ಹಿಡಿದು ನನ್ನನ್ನು ದಾಟಿ ಹಸಿ ಮರಳಿನವರೆಗೆ ಮೆಲ್ಲಗೆ ನಡೆದರು. ನಾನು ಕಣ್ಣು ಮುಚ್ಚಿ, ನನಗೆ ಬರುವ ಸ್ತೋತ್ರಗಳನ್ನೆಲ್ಲ ಹೇಳಿಕೊಳ್ಳತೊಡಗಿದೆ.

"ಅಯ್ಯs, ನನ್ನ ಸೀರಿ! ಏ ಹುಡಿಗಿ, ಹಿಡಿ, ಹಿಡಿ!"

ಕಣ್ಣು ಬಿಟ್ಟರೆ ಅತ್ತೆಯ ಕೈಯಲ್ಲಿ ಬರೀ ಕೋಲು. ಸೀರೆ ಅಲೆಯ ಮೇಲೆ ಬಿದ್ದು, ಅಲೆ ಹಿಂದೆ ಸರಿಯುವಾಗ ತಾನೂ ಹೊರಟಿದೆ. ನಾನು ಕಚ್ಚೆ ಬಿಗಿದು ಓಡಿದೆ. ಮೊಣಕಾಲು ಮುಳುಗಿತು, ನಡು ಮುಳುಗಿತು, ಕೈಗೆ ಸೆರಗು ಸಿಕ್ಕಿತು ಅನ್ನುವಾಗ ಒಂದು ಅಲೆ ಬಂದು ಮುಖಕ್ಕೇ ಹೊಡೆಯಿತು. ಹನಿ ಕೇಳಿದವಳಿಗೆ ಬೊಗಸೆ ಸಿಕ್ಕಿತು. ಮೂಗು, ಬಾಯಿ, ಕಣ್ಣು, ಎಲ್ಲ ಉಪ್ಪು. ಕೆಮ್ಮುತ್ತ, ಸೀರೆಯನ್ನು ಎದೆಗೆ ಅಪ್ಪಿಕೊಂಡು ದಂಡೆಗೆ ಬಂದು ಅತ್ತೆಯ ಮುಂದೆ ತಪ್ಪಿತಸ್ಥಳಂತೆ ನಿಂತೆ.

"ನೀ ಸಮುದ್ರ ಮುಟ್ಟಾಕ ಹೋಗಿಲ್ಲ, ಸೀರಿ ಹಿಡ್ಯಾಕ ಹೋಗೀದಿ. ದೋಷ ಇಲ್ಲ," ಎಂದರು ಅತ್ತೆ.

ನಮ್ಮ ಮನೆಯವರು ಹುಬ್ಬು ಗಂಟುಹಾಕಿ ಯೋಚಿಸುತ್ತಿದ್ದರು. "ಅವ್ವಾ, ಗಾಳಿ ಸಮುದ್ರದ ಕಡಿಂದ ನಮ್ಮ ಕಡಿ ಬೀಸಾಕತ್ತದ. ಸೀರಿ ಆಕಡಿ ಹ್ಯಾಂಗ ಹಾರಿತು?"

"ನೀ ಮಾಸ್ತರ ಇದ್ದೀ. ಅಂಥಾ ಪ್ರಶ್ನಿ ಸಾಲ್ಯಾಗ ಕೇಳು," ಎಂದರು ಅತ್ತೆ. ನಾನು ಆಸೆಯಿಂದ ಕೋಲಿನ ಕಡೆ ನೋಡಿದ್ದು ಅವರಿಗೆ ಕಾಣಿಸಿತು. "ಮತ್ತೊಮ್ಮೆ ಹಾರಂಗಿಲ್ಲ ಅದು. ನಡಿ."

ಮೈಲಿಗೆಯಾದ ಆ ಸೀರೆಯನ್ನು ಅತ್ತೆ ಛತ್ರದ ಬಾವಿಯ ನೀರಿನಲ್ಲಿ ಮತ್ತೆ ಹಿಂಡಿದರು. ಒಣಗುವಷ್ಟು ಹೊತ್ತು ಎಲ್ಲಿತ್ತು? ಮರುದಿನ ರೈಲಿಗೆ ಬುತ್ತಿ ಕಟ್ಟುವಾಗ ಒದ್ದೆಯದನ್ನೇ ಉಟ್ಟು, ಹೊಗೆಯಲ್ಲಿ ಸೀನುತ್ತ ಅವಲಕ್ಕಿಗೆ ಒಗ್ಗರಣೆ ಹಾಕಿದರು. ಅಂದಿನಿಂದ ಸಂಜೆಯ ದೀಪದ ಮುಂದೆ ನಾನು ನೆನೆಯುವ ಕೃಪೆಗಳಲ್ಲಿ ಮೊದಲನೆಯದು ಒಲೆಯದಲ್ಲ, ಹಗ್ಗದ್ದೂ ಅಲ್ಲ.

ಮಾನ್ವಿಗೆ ಬಂದ ಮೇಲೆ ಓಣಿಯ ಹೆಂಗಸರೆಲ್ಲ ಕುಂಕುಮಕ್ಕೆ ಬಂದು ಸುತ್ತ ಕೂತರು. ಕೋಟೆ, ಕೋರ್ಟು, ಟ್ರಾಮು, ಎಲ್ಲವನ್ನೂ ಸೇತೂರಾಯರಂತೆ ಒಂದೇ ಉಸಿರಿಗೆ ಹೇಳಿದೆ. ನಡುವೆ ಯಾರೋ ಮಾತಾಡಿದಾಗ ಮತ್ತೆ ಮೊದಲಿನಿಂದ ಹೇಳಿದೆ. ಕೊನೆಗೆ ಪಕ್ಕದ ಮನೆಯಾಕೆ ಕೇಳಿದಳು: "ಅಲ್ರೀ, ಸಮುದ್ರ ನೋಡಾಕ ಹೆಂಗಿರ್ತದ?"

ನಾನು ಬಾಯಿ ತೆರೆದೆ. ದೂರದಿಂದ ನೋಡಬೇಕಾದಾಗ ಕಣ್ಣು ಮುಚ್ಚಿ ಸ್ತೋತ್ರ ಹೇಳಿದ್ದೆ. ಒಳಗೆ ಹೋದಾಗ ಅಷ್ಟು ದೊಡ್ಡ ಸಮುದ್ರದಲ್ಲಿ ನನಗೆ ಕಂಡದ್ದು ಒಂದೇ.

"ಕೆಂಪಗಿರ್ತದ್ರಿ," ಅಂದೆ. ಒಳಗಿನಿಂದ ಮಡಿಕೋಲು ನೆಲಕ್ಕೆ ಬಿದ್ದ ಸಪ್ಪಳ, ಅದರ ಹಿಂದೆ ಅತ್ತೆಯ ನಗು ಕೇಳಿಸಿತು.